ಒಂದು ಕುಂಡದಲ್ಲಿ ಎಷ್ಟು ಜೀವ?

ಕೊಪ್ಪಳ, ಗಂಗಾವತಿ ಕಡೆಯ ನರ್ಸರಿಗಳಲ್ಲೂ ಈಗ ಅಂಗೈಯಗಲದ ಪ್ಲಾಸ್ಟಿಕ್ ಕುಂಡದಲ್ಲಿ ಪಟ್ಟೆಪಟ್ಟೆಯ ಪುಟ್ಟ ಗಿಡವೊಂದು ಸಿಗುತ್ತದೆ. ಲೋಳೆಸರದ ದಾಯಾದಿ, ಆದರೆ ಅದಕ್ಕಿಂತ ಗಿಡ್ಡ, ಅದಕ್ಕಿಂತ ಬಿಗಿ. ಚೂಪು ತುದಿಯ ಕಡುಹಸಿರು ಎಲೆಗಳು ಸುತ್ತುಗಟ್ಟಿ ನಿಂತಿರುತ್ತವೆ. ಒಂದೊಂದು ಎಲೆಯ ಹೊರಮೈಗೂ ಅಡ್ಡಡ್ಡ ಬಿಳಿ ಗೆರೆ. ಬೆರಳಾಡಿಸಿದರೆ ಗೊತ್ತಾಗುತ್ತದೆ, ಆ ಗೆರೆ ಬರೀ ಬಣ್ಣವಲ್ಲ, ಸಾಸಿವೆಗಿಂತ ಸಣ್ಣ ಗಂಟುಗಳು ಸಾಲುಗೂಡಿ ಗೆರೆಯಾಗಿ ಕಾಣುತ್ತಿವೆ. ಒಂದೆರಡು ವರ್ಷ ಬದುಕಿಸಿಕೊಂಡರೆ ಬುಡದ ಸುತ್ತ ಮರಿಗಳೇಳುತ್ತವೆ. ಕುಂಡ ತುಂಬುತ್ತದೆ. ಆಗ ಒಂದು ಪ್ರಶ್ನೆ ಏಳುತ್ತದೆ: ಕುಂಡದಲ್ಲಿರುವುದು ಒಂದು ಗಿಡವೋ, ಐದೋ? ಮರಿಯನ್ನು ಕಿತ್ತು ಬೇರೆ ಕುಂಡಕ್ಕಿಟ್ಟಾಗ ಇದ್ದ ಜೀವ ಎರಡಾಯಿತೋ, ಎರಡಾಗಿಯೇ ಇದ್ದದ್ದು ದೂರವಾಯಿತೋ? ಇದು ಕೆಲಸವಿಲ್ಲದವರ ತರ್ಕವೆಂದು ತಳ್ಳಿಹಾಕುವ ಮೊದಲು ಒಂದು ಮಾತು ನೆನಪಿರಲಿ. ಸಾವಿರ ವರ್ಷಗಳ ಹಿಂದೆ ಇದೇ ಕನ್ನಡ ನೆಲದಲ್ಲಿ ಈ ಪ್ರಶ್ನೆಯನ್ನು ಮೋಕ್ಷದ ಪ್ರಶ್ನೆಯ ಜೊತೆಗೇ ಇಟ್ಟು ಚರ್ಚಿಸಿದವರಿದ್ದರು.

ಮೊದಲು ಗಿಡದ ಗುರುತು. ನರ್ಸರಿಯವರು ಇದನ್ನು ಜೀಬ್ರಾ ಪ್ಲಾಂಟ್ ಅನ್ನುತ್ತಾರೆ, ಚೀಟಿಯ ಮೇಲೆ ಬಹುಮಟ್ಟಿಗೆ ಹಾವರ್ಥಿಯಾ ಫ್ಯಾಸಿಯಾಟಾ ಎಂದಿರುತ್ತದೆ. ಆ ಹೆಸರು ಹೆಚ್ಚಿನ ಸಲ ತಪ್ಪು. ಎಲೆಯ ಒಳಮೈ, ಅಂದರೆ ಗಿಡದ ನಡುವಿಗೆ ಮುಖ ಮಾಡಿದ ಮೈ, ನುಣ್ಣಗಿದ್ದು ಹೊರಮೈ ಮೇಲೆ ಮಾತ್ರ ಬಿಳಿ ಗಂಟುಗಳಿದ್ದರೆ ಅದು ಫ್ಯಾಸಿಯಾಟಾ. ಎರಡೂ ಮೈ ಮೇಲೆ ಗಂಟುಗಳಿದ್ದರೆ, ಒಳಮೈಯವು ಸಣ್ಣವಾಗಿದ್ದರೂ, ಅದು ಅಟೆನುವೇಟಾ. ಜಗತ್ತಿನಾದ್ಯಂತ ಅಂಗಡಿಗಳಲ್ಲಿ ಮಾರುವುದು ಹೆಚ್ಚಾಗಿ ಎರಡನೆಯದನ್ನೇ. ಎರಡರ ತವರೂ ದಕ್ಷಿಣ ಆಫ್ರಿಕಾ. ಇಂಗ್ಲೆಂಡಿನ ಸಸ್ಯತಜ್ಞ ಏಡ್ರಿಯನ್ ಹಾವರ್ತ್ ಹೆಸರಿನಲ್ಲಿ 1809ರಲ್ಲಿ ಹುಟ್ಟಿದ ಹಾವರ್ಥಿಯಾ ಕುಲದಿಂದ 2013ರಲ್ಲಿ ಇವನ್ನು ಹೊರತಂದು ಹಾವರ್ಥಿಯೋಪ್ಸಿಸ್ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಇಷ್ಟು ತಿಳಿದರೆ ಜಾತಿ ಗೊತ್ತಾಯಿತು. ವ್ಯಕ್ತಿ ಗೊತ್ತಾಗಲಿಲ್ಲ. ಪದವೊಂದು ಏನನ್ನು ತೋರಿಸುತ್ತದೆ ಎಂದು ವಿಚಾರಿಸುವಾಗ ನ್ಯಾಯಸೂತ್ರ ವ್ಯಕ್ತಿ, ಆಕೃತಿ, ಜಾತಿ ಎಂದು ಮೂರನ್ನು ಬಿಡಿಸಿ ಹೇಳುತ್ತದೆ. ಎಲೆ ತಿರುವಿ ನೋಡಿದರೆ ಆಕೃತಿ ಸಿಗುತ್ತದೆ, ಆಕೃತಿಯಿಂದ ಜಾತಿ ಸಿಗುತ್ತದೆ. ‘ಈ ಒಂದು’ ಎಂದು ಬೆರಳಿಟ್ಟು ತೋರಿಸಬೇಕಾದಾಗ ಮಾತ್ರ ಬೆರಳು ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ.

ನಮ್ಮ ‘ಒಂದು’ ಎಂಬ ಎಣಿಕೆ ಬಂದಿರುವುದು ದನ, ಕುರಿ, ಮನುಷ್ಯರಿಂದ. ಒಂದು ಮೈ, ಒಂದು ಹುಟ್ಟು, ಒಂದು ಸಾವು. ಕುರಿಯನ್ನು ಎರಡು ತುಂಡು ಮಾಡಿದರೆ ಎರಡು ಕುರಿ ಆಗುವುದಿಲ್ಲ. ಆ ಲೆಕ್ಕವನ್ನೇ ಗಿಡಕ್ಕೂ ಹಚ್ಚುತ್ತೇವೆ, ಅದು ಹೊಂದುವುದಿಲ್ಲ. ಹೊಂದುವುದಿಲ್ಲ ಎಂಬುದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರಲ್ಲಿ ಜೈನ ಆಚಾರ್ಯರಿದ್ದಾರೆ. ಅವರ ಮಾತನ್ನು ಕೊಪ್ಪಳದಲ್ಲಿ ನಿಂತು ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಕೊಪಣ ಈ ಊರೇ. ಸಲ್ಲೇಖನದಿಂದ ದೇಹ ಬಿಟ್ಟವರ ನೆನಪನ್ನು ಇಲ್ಲಿಯ ಕಲ್ಲುಗಳು ಹೊತ್ತಿವೆ. ಜೈನರಿಗೆ ಇದು ಮಹಾತೀರ್ಥವಾಗಿತ್ತು. ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನವಿರುವ ಬಂಡೆಯ ಹತ್ತಿರವೇ ವರಾಂಗಚರಿತದ ಕರ್ತೃ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಕೆತ್ತಿದ್ದಾರೆ, ಅವನ್ನು ಮಾಡಿಸಿದವನು ಚಾವಯ್ಯ ಎಂದು ಹಳಗನ್ನಡದಲ್ಲಿ ಬರೆದಿದೆ. ಅಂಥ ಕಡೆ ಜೀವ ಎಷ್ಟು, ಎಲ್ಲಿ, ಅದಕ್ಕೆ ನೋವಾಗದಂತೆ ಬದುಕುವುದು ಹೇಗೆ ಎಂಬುದು ಪುಸ್ತಕದ ಪ್ರಶ್ನೆಯಾಗಿ ಉಳಿದಿರಲಿಲ್ಲ. ಊಟ, ನಡಿಗೆ, ಕೊನೆಗೆ ಉಪವಾಸದ ಸಾವು, ಎಲ್ಲವೂ ಅದರ ಮೇಲೆ ನಿಂತಿದ್ದವು.

ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ ಪ್ರಾಕೃತದಲ್ಲಿ ಬರೆದ ಗೊಮ್ಮಟಸಾರದ ಜೀವಕಾಂಡ ಭಾಗದಲ್ಲಿ ಸಸ್ಯಗಳ ವಿಚಾರ ಬರುತ್ತದೆ. ಕೇಶವವರ್ಣಿ 1359ರಲ್ಲಿ ಅದಕ್ಕೆ ಕನ್ನಡದಲ್ಲೇ ವೃತ್ತಿ ಬರೆದ. ಸಂಸ್ಕೃತ ಟೀಕೆ ಆಮೇಲೆ ಅದನ್ನು ಆಧರಿಸಿ ಬಂತು. ಅಲ್ಲಿ ಗಿಡಗಳನ್ನು ಮೊದಲು ಅವು ಯಾವುದರಿಂದ ಹುಟ್ಟುತ್ತವೆ ಎಂದು ವಿಂಗಡಿಸುತ್ತಾರೆ: ಬೇರಿನಿಂದ, ತುದಿಯಿಂದ, ಗೆಣ್ಣಿನಿಂದ, ಗೆಡ್ಡೆಯಿಂದ, ಕಾಂಡದಿಂದ, ಬೀಜದಿಂದ. ಬೀಜ ಆರರಲ್ಲಿ ಒಂದು ಮಾತ್ರ! ಆಮೇಲೆ ಎರಡು ಪಂಗಡ. ಒಂದು ಮೈಗೆ ಒಂದೇ ಜೀವವಿದ್ದರೆ ಪ್ರತ್ಯೇಕ. ಒಂದೇ ಮೈಯನ್ನು ಅನಂತ ಜೀವಗಳು ಹಂಚಿಕೊಂಡಿದ್ದರೆ ಸಾಧಾರಣ, ಅಂದರೆ ಅನಂತಕಾಯ. ಈ ಎರಡನೆಯದನ್ನು ಕಣ್ಣಿನಿಂದ ಗುರುತಿಸುವ ಲಕ್ಷಣಗಳನ್ನೂ ಕೊಡುತ್ತಾರೆ: ನರ, ಸಂದು, ಗೆಣ್ಣು ಹೊರಗೆ ಕಾಣದಿರುವುದು, ಮುರಿದರೆ ಸಮನಾಗಿ ಮುರಿಯುವುದು, ಮುರಿದ ಕಡೆ ನಾರು ಎಳೆಯದಿರುವುದು, ಕಡಿದರೂ ಮತ್ತೆ ಬೆಳೆಯುವುದು. ನಮ್ಮ ಪಟ್ಟೆ ಗಿಡದ ಎಲೆಯೊಂದನ್ನು ಮುರಿದು ನೋಡಿದವರಿಗೆ ಈ ಸಾಲು ಓದಿದ ಕೂಡಲೇ ಅದು ನೆನಪಾಗಬೇಕು. ನರ ಕಾಣುವುದಿಲ್ಲ, ಎಲೆ ಗರಿಕ್ಕನೆ ಮುರಿಯುತ್ತದೆ, ಒಳಗೆ ನೀರು ತುಂಬಿದ ತಿಳಿ ತಿರುಳು, ಬುಡದಿಂದ ಕಿತ್ತ ಎಲೆಗೆ ಕೆಲವೊಮ್ಮೆ ಬೇರೂ ಬರುತ್ತದೆ. ಶ್ವೇತಾಂಬರ ಸಂಪ್ರದಾಯದ ಅನಂತಕಾಯಗಳ ಪಟ್ಟಿಯಲ್ಲಿ ಗೆಡ್ಡೆಗೆಣಸುಗಳ ಜೊತೆಗೆ ಲೋಳೆಸರ, ಕಳ್ಳಿ, ಅಮೃತಬಳ್ಳಿಗಳೂ ಇವೆ. ಬೇರುಸಹಿತ ಕಿತ್ತು ಬಾಗಿಲಿಗೆ ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣು ನೀರಿಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುವುದನ್ನು ನೋಡಿದ ಯಾರಿಗೂ ಆ ಪಟ್ಟಿ ಕಟ್ಟುಕತೆ ಅನ್ನಿಸಲಾರದು.

ಹಾಗಾದರೆ ಆಚಾರ್ಯರ ಮಾತನ್ನು ಇದ್ದಂತೆಯೇ ಒಪ್ಪಬೇಕೇ? ನೋಟವನ್ನು ಒಪ್ಪಬಹುದು, ಅದರಿಂದ ತೆಗೆದ ತೀರ್ಮಾನವನ್ನು ಪೂರ್ತಿ ಒಪ್ಪಲಾಗದು. ಅವರೇ ಕೊಟ್ಟ ಇನ್ನೊಂದು ಅಳತೆಗೋಲು ಇದಕ್ಕೆ ಸಾಕ್ಷಿ. ಸಾಧಾರಣ ಜೀವಗಳಿಗೆ ಆಹಾರ ಒಂದೇ, ಉಸಿರು ಒಂದೇ. ಒಂದು ಹುಟ್ಟಿದರೆ ಅನಂತ ಹುಟ್ಟುತ್ತವೆ, ಒಂದು ಸತ್ತರೆ ಅನಂತ ಸಾಯುತ್ತವೆ. ಕುಂಡದ ಮೇಲೆ ಇದನ್ನಿಟ್ಟು ನೋಡಿ. ಬೇರು ಬಿಡುವ ಮೊದಲು ಮರಿ ಉಣ್ಣುವುದು ತಾಯಿಯ ನೀರನ್ನೇ, ಆದ್ದರಿಂದ ಆಹಾರ ಒಂದೇ. ಸಾವು ಹಾಗಲ್ಲ. ನೀರು ಹೆಚ್ಚಾಗಿ ತಾಯಿಯ ಬುಡ ಕೊಳೆತರೂ ಅಂಚಿನ ಮರಿ ಬದುಕಿ ಉಳಿಯುವುದು ಸಾಮಾನ್ಯ. ಬೇರು ಬಿಟ್ಟ ಮೇಲೆ ಆಹಾರವೂ ಬೇರೆಯಾಗುತ್ತಾ ಹೋಗುತ್ತದೆ, ಆದರೆ ನಡುವಿನ ಕೊಂಡಿ ತಕ್ಷಣ ಕಳಚುವುದಿಲ್ಲ. ಒಂದು ಅಳತೆಗೆ ಸಾಧಾರಣ, ಇನ್ನೊಂದಕ್ಕೆ ಪ್ರತ್ಯೇಕ, ನಡುವೆ ಕೆಲವು ತಿಂಗಳು ಎರಡೂ ಹೌದು. ಕಡಿದರೆ ಚಿಗುರುವ ಲಕ್ಷಣವೂ ಹೀಗೆಯೇ ಜಾರುತ್ತದೆ. ಬೇವಿನ ಮರ ಕಡಿದರೆ ಮೋಟಿನಿಂದ ಚಿಗುರುತ್ತದೆ. ಕಡಿದುಬಿದ್ದ ಕೊಂಬೆ ಮಾತ್ರ ಒಣಗುತ್ತದೆ. ಲೋಳೆಸರ, ಬೇವು, ಕಡೆಗೆ ಒಮ್ಮೆ ಕಡಿದರೆ ಮುಗಿಯುವ ಮೆಕ್ಕೆಜೋಳದ ದಂಟು, ಇವುಗಳ ನಡುವೆ ಗಡಿಗಲ್ಲಿಲ್ಲ, ಇಳಿಜಾರಿದೆ. ನನ್ನ ವಾದ ಇಷ್ಟೇ: ‘ಒಂದು’ ಎಂಬುದು ಜೀವಕ್ಕೆ ಹುಟ್ಟಿನಿಂದ ಬಂದ ಗುಣವಲ್ಲ, ಮೆಲ್ಲಗೆ ಆಗುತ್ತಾ ಹೋಗುವ ಸ್ಥಿತಿ, ಕೆಲವು ಜೀವಿಗಳಲ್ಲಿ ಅದು ಪೂರ್ತಿಯಾಗುತ್ತದೆ, ಕೆಲವುಗಳಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಅಂದ ಮೇಲೆ ಅಹಿಂಸೆಯನ್ನು ತಲೆ ಎಣಿಕೆಯ ಮೇಲೆ ನಿಲ್ಲಿಸಲಾಗದು.

ಇದಕ್ಕೆ ಮೊದಲ ಆಕ್ಷೇಪ ಇಂದಿನ ವಿಜ್ಞಾನದ ಹೆಸರಿನಲ್ಲಿ ಬರುತ್ತದೆ. ಇಷ್ಟೊಂದು ಗೊಂದಲ ಯಾಕೆ, ಡಿಎನ್‌ಎ ಒಂದೇ ಆಗಿದ್ದರೆ ಗಿಡ ಒಂದೇ ಅನ್ನಿ, ಮುಗಿಯಿತು. ಮುಗಿಯುವುದಿಲ್ಲ. ಮನೆಗಳಲ್ಲಿ ಪಟ್ಟೆ ಗಿಡದ ಪಕ್ಕದಲ್ಲೇ ಇರುವ, ಎಲೆಯ ಅಂಚಿಗೆ ಹಳದಿ ಗೆರೆಯಿರುವ ಸ್ನೇಕ್ ಪ್ಲಾಂಟನ್ನು ನೋಡಿ. ಅದರ ಎಲೆಯನ್ನು ತುಂಡು ಮಾಡಿ ನೆಟ್ಟರೆ ಬೇರು ಬಂದು ಹೊಸ ಗಿಡವೇನೋ ಏಳುತ್ತದೆ, ಆದರೆ ಹಳದಿ ಅಂಚು ಮಾಯವಾಗಿರುತ್ತದೆ. ಕಾರಣ, ಆ ಗಿಡದ ಮೈಯಲ್ಲಿ ಎರಡು ಬಗೆಯ ಕೋಶಗಳ ಪದರಗಳಿವೆ, ಎರಡರ ವಂಶವಾಹಿ ಒಂದೇ ಅಲ್ಲ. ಎಲೆಯ ತುಂಡಿನಿಂದ ಹುಟ್ಟುವ ಗಿಡಕ್ಕೆ ಹಸಿರು ಪದರ ಮಾತ್ರ ದಾಟಿಬರುತ್ತದೆ. ಗೆಡ್ಡೆಯೊಡನೆ ಬಿಡಿಸಿ ನೆಟ್ಟರಷ್ಟೇ ಎರಡೂ ಉಳಿಯುತ್ತವೆ. ಡಿಎನ್‌ಎ ಲೆಕ್ಕದಲ್ಲಿ ಅದು ಎರಡು. ಬೇರು, ನೀರು, ಬಿಸಿಲಿನ ಲೆಕ್ಕದಲ್ಲಿ ಒಂದು. ತದ್ರೂಪಿ ಅವಳಿ ಮಕ್ಕಳ ವಿಷಯದಲ್ಲಿ ನಾವು ಇದರ ತಿರುಗುಮುರುಗು ಮಾಡುತ್ತೇವೆ, ವಂಶವಾಹಿ ಒಂದೇ ಇದ್ದರೂ ಇಬ್ಬರು ಅನ್ನುತ್ತೇವೆ. ಎರಡೂ ಕಡೆ ತೀರ್ಪು ಕೊಡುತ್ತಿರುವುದು ಡಿಎನ್‌ಎ ಅಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ, ಅದು ಹಿತ್ತಲಿನ ಬುದ್ಧಿಯದು: ಬೇರೆ ಬೇರು, ಬೇರೆ ಕುಂಡ, ಆದ್ದರಿಂದ ಬೇರೆ ಗಿಡ. ಮರಿ ಬೇರೂರಿದ ಮೇಲೆ ಅದರ ಹಣೆಬರಹ ಅದರದು. ಈ ಮಾತಿನಲ್ಲಿ ಸತ್ಯವಿದೆ, ಗಿಡ ಸಾಕುವವನಿಗೆ ದಿನದ ಕೆಲಸಕ್ಕೆ ಇಷ್ಟು ಸಾಕು. ಆದರೆ ಗಿಡವೇ ಇದನ್ನು ಪೂರ್ತಿ ಒಪ್ಪಿದಂತಿಲ್ಲ. ಹಾವರ್ಥಿಯಾ ಬಳಗದ ಗಿಡಗಳು ನಡುವಿನಿಂದ ತೆಳ್ಳನೆಯ ಉದ್ದ ಕಡ್ಡಿ ನೀಡಿ ಸಣ್ಣ ಬಿಳಿಯ ಹೂ ಬಿಡುತ್ತವೆ, ದಳಗಳ ಮೇಲೂ ಕಂದು ಹಸಿರಿನ ಗೆರೆ. ಇವುಗಳಲ್ಲಿ ಹೆಚ್ಚಿನವು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಒಂದೇ ತಾಯಿಯಿಂದ ಬಿಡಿಸಿದ ಮರಿಗಳು ಹತ್ತು ಮನೆಗಳಲ್ಲಿ ಹತ್ತು ವರ್ಷ ಬೇರೆಬೇರೆಯಾಗಿ ಬೆಳೆದಿದ್ದರೂ ಒಂದರ ಪರಾಗ ಇನ್ನೊಂದಕ್ಕೆ ‘ತನ್ನದೇ’. ಬೀಜ ಕಟ್ಟುವುದಿಲ್ಲ. ಕುಂಡ ಎಣಿಸುವವರಿಗೆ ಅವು ಹತ್ತು, ಹೂವಿಗೆ ಒಂದು.

ಇದು ಕಿಟಕಿಯ ಕಟ್ಟೆಯ ಮೇಲಿನ ವಿನೋದವಷ್ಟೇ ಅಲ್ಲವೆಂದು ತಿಳಿಯಬೇಕಾದರೆ ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತೋಟಗಳನ್ನು ನೆನೆಯಬೇಕು. ದಾಳಿಂಬೆಯನ್ನು ಬೀಜ ಹಾಕಿ ಬೆಳೆಸುವುದಿಲ್ಲ. ಟೊಂಗೆಗೆ ಗೂಟಿ ಕಟ್ಟಿ, ಬೇರು ಬಂದ ಮೇಲೆ ಕತ್ತರಿಸಿ ನೆಡುತ್ತಾರೆ. ಹಾಗಾಗಿ ಭಗವಾ ತಳಿಯ ಒಂದು ತೋಟವೆಂದರೆ, ಗಿಡ ಸಾವಿರವಿದ್ದರೂ, ಎಲ್ಲೋ ಇದ್ದ ಒಂದೇ ಗಿಡದ ಮುಂದುವರಿಕೆ. ಹಣ್ಣೆಲ್ಲ ಒಂದೇ ಬಣ್ಣ, ಒಂದೇ ರುಚಿ, ಆದ್ದರಿಂದ ಒಳ್ಳೆಯ ಬೆಲೆ. ದುಂಡಾಣು ಅಂಗಮಾರಿ ಬಂದಾಗ ಇದೇ ಗುಣ ತಿರುಗಿಬಿತ್ತು. ಎಲೆಯ ಮೇಲೆ ಎಣ್ಣೆ ಚುಕ್ಕೆ, ಕಾಯಿಯ ಮೇಲೆ ಕಪ್ಪು ಕಲೆ, ಆಮೇಲೆ ಸೀಳು. ಒಂದು ಗಿಡಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಪಕ್ಕದ್ದಕ್ಕೂ ಇಲ್ಲ. ತೋಟಕ್ಕೆ ತೋಟವನ್ನೇ ಕಿತ್ತುಹಾಕಿದ ರೈತರಿದ್ದಾರೆ. ನೀರು, ಗೊಬ್ಬರದ ಲೆಕ್ಕದಲ್ಲಿ ಅವು ಸಾವಿರ ಗಿಡಗಳೇ ಆಗಿದ್ದವು, ರೋಗದ ಎದುರು ಒಂದೇ ಮೈಯಾದವು. ಒಂದು ಸತ್ತರೆ ಅನಂತ ಸಾಯುತ್ತವೆ ಎಂಬ ಹಳೆಯ ಮಾತು ಅಲ್ಲಿ ಸಿದ್ಧಾಂತವಾಗಿ ಉಳಿಯಲಿಲ್ಲ, ಸಾಲವಾಗಿ ಮನೆಗೆ ಬಂತು.

ಇಲ್ಲಿಗೆ ಅದ್ವೈತದ ಕಡೆಯವರು ನಗುತ್ತಾ ಬರಬಹುದು. ನಾವು ಹೇಳುತ್ತಿದ್ದುದು ಇದನ್ನೇ ಅಲ್ಲವೇ, ಹಲವು ಎಂಬುದು ಉಪಾಧಿಯಿಂದ ಬಂದ ತೋರಿಕೆ, ಇರುವುದು ಒಂದೇ. ಆದರೆ ನಾನು ತೋರಿಸಿದ ಸಾಕ್ಷ್ಯ ಅಲ್ಲಿಯವರೆಗೆ ಒಯ್ಯುವುದಿಲ್ಲ. ಒಂದು ಕುಂಡಕ್ಕೆ ನೀರು ಹಾಕಿದರೆ ಇನ್ನೊಂದು ಕುಂಡದ ಬಾಡಿದ ಎಲೆ ತುಂಬಿಕೊಳ್ಳುವುದಿಲ್ಲ. ಒಬ್ಬನ ಸುಖ ಇನ್ನೊಬ್ಬನಿಗೆ ತಾಗದೆ ಬೇರೆಬೇರೆಯಾಗಿ ಹಂಚಿಹೋಗಿರುವುದನ್ನೇ ಕಾರಣ ಮಾಡಿ ವೈಶೇಷಿಕರು ಆತ್ಮಗಳು ಹಲವು ಎಂದು ವಾದಿಸಿದ್ದು ಸುಮ್ಮನೆ ಅಲ್ಲ. ಹೂವಿನಲ್ಲಿ ಒಂದು, ಬಾಯಾರಿಕೆಯಲ್ಲಿ ಹಲವು. ಎಲ್ಲವನ್ನೂ ಒಂದಾಗಿಸುವ ದರ್ಶನ ಈ ‘ಯಾವುದರಲ್ಲಿ’ ಎಂಬ ಮಾತನ್ನೇ ನುಂಗಿಬಿಡುತ್ತದೆ. ಗಿಡ ಕಲಿಸುವುದು ಆ ಮಾತನ್ನೇ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಜೈನ ಶ್ರಾವಕರದು. ಇವು ಸಸ್ಯಶಾಸ್ತ್ರದ ವರ್ಗಗಳಲ್ಲ. ಸೂಕ್ಷ್ಮ ಜೀವಗಳ ಸಂಖ್ಯೆ ಕಣ್ಣಿಗೆ ಕಾಣುವ ವಿಷಯವೂ ಅಲ್ಲ, ಸರ್ವಜ್ಞರ ಮಾತಿನಿಂದ ತಿಳಿಯುವಂಥದ್ದು. ಸಂಖ್ಯೆ ಬೇಡವೆಂದರೆ ಗೆಡ್ಡೆಗೆಣಸು ಬಿಡುವ ವ್ರತಕ್ಕೆ ಬುಡವೇ ಇರುವುದಿಲ್ಲ. ವ್ರತದ ಬಗ್ಗೆ ನನಗೆ ಗೌರವವಿದೆ, ಅದನ್ನು ಬಿಡಿರೆಂದು ಹೇಳುವ ಅಧಿಕಾರ ಹೊರಗಿನವರಿಗಿಲ್ಲ. ಆದರೂ ಎರಡು ಮಾತು ಹೇಳಬೇಕು. ಸಂಖ್ಯೆ ಕಾಣದ್ದಾದರೂ ಲಕ್ಷಣಗಳನ್ನು ಆಚಾರ್ಯರೇ ಕಾಣುವಂತೆ ಕೊಟ್ಟಿದ್ದಾರೆ: ಮುರಿದು ನೋಡು, ನಾರು ನೋಡು, ಚಿಗುರು ನೋಡು. ನೋಡೆಂದು ಕರೆದ ಮೇಲೆ ನೋಡಿದವನಿಗೆ ಕಂಡದ್ದನ್ನು ಹೇಳಲು ಬಿಡಬೇಕು. ಇನ್ನೊಂದು ಮಾತು ಅದೇ ಪರಂಪರೆಯ ಒಳಗಿನದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಸಂಖ್ಯೆಯನ್ನು ಹೆಸರಿಸುವುದಿಲ್ಲ, ಪ್ರಮಾದವನ್ನು ಹೆಸರಿಸುತ್ತದೆ: ಎಚ್ಚರ ತಪ್ಪಿದ ಮನಸ್ಸು, ಮಾತು, ಮೈಯಿಂದ ಪ್ರಾಣಕ್ಕೆ ಒದಗುವ ಕುತ್ತು ಹಿಂಸೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಗೃಹಸ್ಥನಿಗೆ ಕಾರಣವಿಲ್ಲದೆ ನೆಲ ಅಗೆಯಬೇಡ, ನೀರು ಚೆಲ್ಲಬೇಡ, ಗಿಡ ಕಡಿಯಬೇಡ ಎಂದು ಹೇಳುವಾಗಲೂ ಒತ್ತು ಬೀಳುವುದು ‘ಕಾರಣವಿಲ್ಲದೆ’ ಎಂಬಲ್ಲಿ. ಒಂದೇ ಪರಂಪರೆಯೊಳಗೆ ಎರಡು ತಕ್ಕಡಿಗಳಿವೆ, ಎಣಿಸುವುದು ಒಂದು, ಎಚ್ಚರವನ್ನು ತೂಗುವುದು ಇನ್ನೊಂದು. ಎಣಿಕೆಯೇ ನಿಲ್ಲದ ಜೀವಿಯ ಮುಂದೆ ಎರಡನೆಯ ತಕ್ಕಡಿಯೇ ಕೆಲಸಕ್ಕೆ ಬರುತ್ತದೆ.

ಆ ತಕ್ಕಡಿಯಲ್ಲಿ ತೂಗಿದರೆ ಈ ಪುಟ್ಟ ಗಿಡಕ್ಕೆ ಆಗುವ ದೊಡ್ಡ ಹಿಂಸೆ ಕತ್ತರಿಯಿಂದಲ್ಲ, ನೀರಿನ ತಂಬಿಗೆಯಿಂದ. ತವರಿನಲ್ಲಿ ಇದು ಕಲ್ಲಿನ ಸಂದಿಯಲ್ಲಿ, ಪೊದೆಯ ನೆರಳಿನಲ್ಲಿ ಬೆಳೆಯುವಂಥದ್ದು. ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆದು ಗಾಳಿ ಎಳೆದುಕೊಳ್ಳುತ್ತದೆ. ನೀರು ಉಳಿಸುವುದಕ್ಕೆ ಅದು ಕಂಡುಕೊಂಡ ದಾರಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದಾಗ ಇದರ ಬೆಳವಣಿಗೆ ಕುಂಠಿತವಾಗುತ್ತದೆ, ಎಲೆ ಕೆಂಪಾಗುತ್ತದೆ, ಬೇರು ನೀರೆಳೆಯುವುದೂ ಕಡಿಮೆ. ಪಾಪ, ಬಾಯಾರಿದೆ ಎಂದು ಆಗಲೇ ದಿನಾ ನೀರು ಹಾಕುತ್ತೇವೆ. ಬೇರು ಕೊಳೆಯುತ್ತದೆ, ನಡು ಮೆತ್ತಗಾಗುತ್ತದೆ, ಎಲೆ ಹಿಡಿದೆತ್ತಿದರೆ ಗಿಡವೇ ಕೈಗೆ ಬರುತ್ತದೆ. ಗಂಗಾವತಿಯ ಭತ್ತದ ಗದ್ದೆಗೆ ಹೊಂದುವ ಔದಾರ್ಯ ಇದಕ್ಕೆ ವಿಷ. ಇದರ ಸ್ವಭಾವ ಯಲಬುರ್ಗಾದ ಬೆದ್ದಲು ಹೊಲದ್ದು. ಎರೆ ಮಣ್ಣು ನೀರು ಹಿಡಿದಿಡುತ್ತದೆ, ಬೇಡವೇ ಬೇಡ. ಮಸಾರಿಗೆ ಅರ್ಧಕ್ಕಿಂತ ಹೆಚ್ಚು ದಪ್ಪ ಉಸುಕು, ಸಣ್ಣ ಗರಸು ಬೆರೆಸಿ, ತೂತಿರುವ ಮಣ್ಣಿನ ಕುಂಡದಲ್ಲಿಟ್ಟು, ಮೂಡಣ ಕಿಟಕಿಯ ಎಳೆಬಿಸಿಲು ಕೊಟ್ಟರೆ ಸಾಕು. ಮಣ್ಣು ತಳದವರೆಗೂ ಒಣಗಿದ ಮೇಲೆ ಒಮ್ಮೆ ಪೂರ್ತಿ ನೆನೆಸಬೇಕು, ಆಮೇಲೆ ಮರೆಯಬೇಕು. ಪ್ರೀತಿ ಇದ್ದೂ ಎಚ್ಚರ ಇಲ್ಲದಿದ್ದರೆ ಪ್ರಾಣ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಅಗ್ಗದ ಪಾಠ ಸಿಗುವುದಿಲ್ಲ, ಆದರೂ ಕುಂಡದ ಮೇಲೆ ಕುಂಡ ಬರಿದಾಗುತ್ತಲೇ ಇದೆ.

ಕಡೆಗೊಂದು ಗೊಣಗಾಟ ಉಳಿಯುತ್ತದೆ: ಗಿಡಕ್ಕೆ ನೋವೇ ಇಲ್ಲದ ಮೇಲೆ ಇಷ್ಟೆಲ್ಲ ಯಾಕೆ? ನರಮಂಡಲವಿಲ್ಲದ ಜೀವಿಗೆ ನಮ್ಮಂಥ ನೋವಿದೆ ಎನ್ನಲು ಆಧಾರವಿಲ್ಲ, ಒಪ್ಪೋಣ. ಜೈನರೂ ಗಿಡಕ್ಕೆ ಕೊಟ್ಟದ್ದು ಸ್ಪರ್ಶವೆಂಬ ಒಂದೇ ಇಂದ್ರಿಯವನ್ನು. ಆದರೆ ನೋವು ಇಲ್ಲದ ಕಡೆ ಕೆಡುಕೂ ಇಲ್ಲ ಎಂದು ಯಾರು ಹೇಳಿದರು? ಬೇರು ಕೊಳೆತದ್ದು ಆ ಗಿಡಕ್ಕೆ ಕೆಡುಕೇ. ಅದು ತುಂಬಿಕೊಳ್ಳಬಹುದಾಗಿತ್ತು, ಹೂ ಬಿಡಬಹುದಾಗಿತ್ತು, ಆಗಲಿಲ್ಲ. ಇಷ್ಟು ಹೇಳಲು ಅದರೊಳಗೆ ಎಷ್ಟು ಜೀವ ಎಂದು ತಿಳಿದಿರಬೇಕಾಗಿಲ್ಲ. ಮರಿ ಬಿಡಿಸುವುದು ಹಿಂಸೆಯೇ ಎಂದು ಕೇಳುವವರಿಗೂ ಇದೇ ಉತ್ತರ: ತನ್ನ ಬೇರು ಬಿಡದ ಮರಿಯನ್ನು ಚೆಂದಕ್ಕೆಂದು ಕಿತ್ತರೆ ಹಿಂಸೆ. ಎರಡು ಮೂರು ಬೇರು ಕಂಡ ಮೇಲೆ, ಚಳಿ ಕಳೆದ ದಿನಗಳಲ್ಲಿ ಬಿಡಿಸಿ, ಗಾಯ ಒಣಗಲು ಒಂದೆರಡು ದಿನ ನೆರಳಿನಲ್ಲಿಟ್ಟು, ಒಣ ಮಣ್ಣಿನಲ್ಲಿ ನೆಟ್ಟು, ವಾರ ಬಿಟ್ಟು ನೀರು ಹಾಕಿದರೆ ಹಿಂಸೆಯಲ್ಲ.